ಥರ್ಡ್ ಬೇಸಿನಲ್ಲಿ ಆಡಿದ ಮಾತು

23 ಏಪ್ರಿಲ್ 2025, ಬುಧವಾರ. ಮಧ್ಯಾಹ್ನ 1.40

ರೇನರ್ಸ್ ಲೇನ್ ಪ್ಲಾಟ್‌ಫಾರ್ಮ್. ಟ್ರೇನ್ ಮುಂದಕ್ಕೆ ಹೋಗುವುದಿಲ್ಲವೆಂದು ಇವತ್ತೂ ಇಲ್ಲೇ ಇಳಿಸಿಬಿಟ್ಟರು. ಅಕ್ಸ್‌ಬ್ರಿಡ್ಜ್ ಟ್ರೇನ್ ಇನ್ನು ಹನ್ನೆರಡು ನಿಮಿಷ. ಪಾರ್ಕ್ ರಾಯಲ್‌ನಲ್ಲಿ ಬೆಳಗಿನ ಶಿಫ್ಟ್ ಮುಗಿಸಿ ನೇರ ಬಂದದ್ದು; ಬ್ರೆಡ್ ಫ್ಯಾಕ್ಟರಿಯ ಹಿಟ್ಟು ಇನ್ನೂ ಕಿವಿಯಲ್ಲಿದೆ. ಇವತ್ತು ಆಡುವವರ ಪಟ್ಟಿ, ಲೈನ್‌ಅಪ್, ಬರೆಯಬೇಕು. ಬೇಕಾದವರು ಒಂಬತ್ತು, ಇರುವವರು ಹನ್ನೊಂದು, ಒಬ್ಬನಿಗೆ ಜ್ವರ, ಒಬ್ಬಳಿಗೆ ಡಿಸರ್ಟೇಶನ್. ಲೆಕ್ಕ ಸರಿಹೋಯಿತು.

ಅಕ್ಸ್‌ಬ್ರಿಡ್ಜ್‌ನ ಈ ಯೂನಿವರ್ಸಿಟಿಗೆ ಬೇಸ್‌ಬಾಲ್ ಕೋಚ್ ಆಗಿ ಹನ್ನೊಂದು ವರ್ಷ. ಗೆದ್ದದ್ದು ಮೂವತ್ತೆಂಟು, ಸೋತದ್ದು ಎಪ್ಪತ್ತೊಂದು. ಧಾರವಾಡದ ಕಾಲೇಜಿನಲ್ಲಿ ಆಡುವಾಗಲೂ ನೋಡಲು ಯಾರೂ ಬರುತ್ತಿರಲಿಲ್ಲ, ಇಲ್ಲೂ ಬರುವುದಿಲ್ಲ. ಹೆಂಡತಿ ಸುವರ್ಣಾಳದು ಮದುವೆಯಾದಾಗಿನಿಂದ ಒಂದೇ ಮಾತು — "ಚಿಣ್ಣಿದಾಂಡು ಆಡೂದಕ್ಕ ಇಷ್ಟ್ ಬಿಳೀ ಪ್ಯಾಂಟ್ ಯಾಕ್ರಿ?" ಅಂದರೂ ಪ್ರತಿ ಮಂಗಳವಾರ ಪ್ಯಾಂಟ್ ಇಸ್ತ್ರಿ ಮಾಡಿಡುವವಳೂ ಅವಳೇ.

ಮುಂದಿನ ವಾರ ಕೊನೆಯ ಮ್ಯಾಚ್. ಡ್ರಾ ಆದರೂ ಸಾಕು, ಡಿವಿಷನ್‌ನಲ್ಲಿ ಉಳಿಯುತ್ತೇವೆ. ಸೋತರೆ ಕೆಳಗೆ. ಕೆಳಗೆ ಬಿದ್ದರೆ ಕೋಚ್ ಬೇಕೋ ಬೇಡವೋ ಎಂದು ಸ್ಪೋರ್ಟ್ಸ್ ಯೂನಿಯನ್ ರಿವ್ಯೂ ಮಾಡುತ್ತದಂತೆ. ಐವತ್ತಮೂರನೇ ವಯಸ್ಸಿಗೆ ರಿವ್ಯೂ! ಆಟದ ಈ ಬುಧವಾರ ಒಂದನ್ನು ಬಿಟ್ಟರೆ ನನ್ನದು ಅಂತ ಈ ಊರಲ್ಲಿ ಏನಿದೆ... ಟ್ರೇನ್ ಬಂತು.

27 ಏಪ್ರಿಲ್, ಭಾನುವಾರ

ಎದುರಿನವರು ನಮ್ಮ ಕೈಸನ್ನೆ ಎಲ್ಲ ಓದಿಬಿಡುತ್ತಾರೆ. ಕ್ಯಾಪ್ಟನ್ ಮಯೂರ್ ಐಡಿಯಾ ಕೊಟ್ಟ. ಅವನ ಅಪ್ಪ ಅಮ್ಮ ಬೆಂಗಳೂರಿನವರು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. "ಅಂಕಲ್, ಯೂಸ್ ಕನ್ನಡ. ನೋಬಡಿ ವಿಲ್ ಗೆಟ್ ಇಟ್."

ಇವತ್ತಿನ ಎಕ್ಸ್‌ಟ್ರಾ ಪ್ರ್ಯಾಕ್ಟೀಸ್‌ನಲ್ಲಿ ಎಲ್ಲರಿಗೂ ಮೂರು ಮಾತು ಕಲಿಸಿದೆ. ಹೋಗು — ಓಡು. ನಿಲ್ಲು — ಬೇಸಿನಲ್ಲೇ ಇರು. ಬಾ — ಓಡಿದ್ದರೂ ವಾಪಸ್ ಬಾ. ಹೇಸ್‌ನ ಹುಡುಗಿ ಕ್ಲೋಯಿ, ನಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು, ಒಂದೇ ದಿನದಲ್ಲಿ ಕಲಿತಳು. ಅವಳ "ಹೋಗು" ಇಂಗ್ಲಿಷ್ ಶಾಲೆಗೆ ಹೋಗುವ ನನ್ನ ತಮ್ಮನ ಮಗನದಕ್ಕಿಂತ ಚೆನ್ನಾಗಿದೆ.

30 ಏಪ್ರಿಲ್, ಬುಧವಾರ. ಸಂಜೆ 6.15

ಸೋತೆವು. 6–5.

ಕೊನೆಯ ಇನ್ನಿಂಗ್ಸ್, ಇಬ್ಬರು ಔಟ್; ಇನ್ನೊಬ್ಬರು ಔಟಾದರೆ ಆಟ ಮುಗಿಯಿತು. ಕ್ಲೋಯಿ ಥರ್ಡ್ ಬೇಸಿನಲ್ಲಿ, ಪಕ್ಕದಲ್ಲಿ ನಾನು. ಅಲ್ಲಿಂದ ಓಡಿ ಅವಳು ಹೋಮ್ ಮುಟ್ಟಿದರೆ ಒಂದು ರನ್, ಸ್ಕೋರು ಸಮ. ಎದುರಿನವರು ಎಸೆದ ಚೆಂಡು ಅವರ ಕ್ಯಾಚರ್ ಕೈತಪ್ಪಿ ಫೆನ್ಸ್‌ವರೆಗೆ ಉರುಳಿತು. ಕೂಗಿದೆ. ಅವಳು ನಾಲ್ಕು ಹೆಜ್ಜೆ ಓಡಿದಳು, ತಿರುಗಿದಳು. ಅಷ್ಟರಲ್ಲಿ ಚೆಂಡು ಥರ್ಡ್‌ಗೆ ಬಂತು. ಔಟ್.

ಎಲ್ಲರೂ ಅವಳನ್ನೇ ನೋಡಿದರು. "ಕ್ಲೋಯಿ, ವಾಟ್ ವಾಸ್ ದಟ್?" ಅಂದ ನಮ್ಮ ಪಿಚರ್. ಅವಳು ನನ್ನ ಕಡೆಗೊಮ್ಮೆ ನೋಡಿ ಹೆಲ್ಮೆಟ್ ತೆಗೆದಳು.

ಕಾರ್ ಪಾರ್ಕ್‌ನಲ್ಲಿ ಮಯೂರ್ ಮೆಲ್ಲಗೆ ಹೇಳಿದ. "ಅಂಕಲ್... ಯು ಡಿಡ್‌ನ್ಟ್ ಸೇ ಹೋಗು. ಯು ಸೆಡ್, ಹೋಗಿ ಬಾ."

ನಾನೆಲ್ಲಿ ಹಾಗೆ ಅಂದೆ ಎಂದು ಗದರಿದೆ. ಅಂದಿದ್ದೆ. ನಮ್ಮ ಮನೆಯಲ್ಲಿ ಹೊರಟವರಿಗೆ ಬರೀ "ಹೋಗು" ಅಂದವರಿಲ್ಲ. ಅಂದರೆ ಅವ್ವ ಅಡುಗೆಮನೆಯಿಂದಲೇ ಬೈಯುತ್ತಿದ್ದಳು. ಪ್ರ್ಯಾಕ್ಟೀಸ್‌ನಲ್ಲಿ ಬಂದ ಮಾತು ಮ್ಯಾಚ್‌ನಲ್ಲಿ ಬರಲಿಲ್ಲ. ನಿಜವಾಗಿ ಒಬ್ಬರನ್ನು ಕಳಿಸುವಾಗ ಬಾಯಿಗೆ ಬಂದದ್ದು ಮನೆಯ ಮಾತು. ಕ್ಲೋಯಿಗೆ ಕೇಳಿಸಿದ್ದು ಬಾ.

3 ಮೇ, ಶನಿವಾರ

ಸ್ಪೋರ್ಟ್ಸ್ ಯೂನಿಯನ್‌ನ ಹೆಲೆನ್ ರಿವ್ಯೂ ಫಾರ್ಮ್ ಕಳಿಸಿದ್ದಾರೆ. "ನಿರ್ಣಾಯಕ ತಪ್ಪು ಯಾರದು" ಅಂತ ಒಂದು ಕಾಲಮ್. ಬೆಳಿಗ್ಗೆಯಿಂದ ಮೂರು ಸಲ ತೆರೆದೆ, ಮೂರು ಸಲ ಮುಚ್ಚಿದೆ. ಸುವರ್ಣಾಗೆ ಹೇಳಿದೆ.

"ಇದ್ದದ್ದ ಬರೀರಿ," ಅಂದಳು.

"ಇದ್ದದ್ದ ಬರದ್ರ ಬುಧವಾರ ಹೋಗತಾವ."

"ಹೋಗ್ಲಿ ಬಿಡ್ರಿ. ಬುಧವಾರ ಮನ್ಯಾಗಿದ್ರ ನಿಮ್ಮನ್ನೇನು ಹುಲಿ ತಿಂತೈತೇನು?"

ನಗು ಬರಲಿಲ್ಲ. ಅವಳು ಡಾಕ್ಟರ ಕ್ಲಿನಿಕ್‌ನ ರಿಸೆಪ್ಷನ್ ಕೆಲಸಕ್ಕೆ ಹೊರಟ ಮೇಲೆ ಬರೆದೆ. ಬೇಸ್ ರನ್ನಿಂಗ್ ಎರರ್. ಕ್ಲೋಯಿ. ಕಳಿಸಿಬಿಟ್ಟೆ. ಕೈ ತೊಳೆದುಕೊಂಡೆ — ಯಾಕೋ ಗೊತ್ತಿಲ್ಲ.

7 ಮೇ, ಬುಧವಾರ

ಪ್ರ್ಯಾಕ್ಟೀಸ್. ಆರು ಜನ. ಕ್ಲೋಯಿ ಬರಲಿಲ್ಲ. ಟೀಮಿನ ಫೋನ್ ಗ್ರೂಪ್‌ನಲ್ಲಿ ಯಾರೋ ರಿವರ್ಸ್ ಹೋಗುವ ಲಾರಿಯ ವಿಡಿಯೊ ಹಾಕಿದ್ದರು, ಒಂಬತ್ತು ಜನ ನಕ್ಕಿದ್ದರು. ಅದರ ಕೆಳಗೆ: ಕ್ಲೋಯಿ ಲೆಫ್ಟ್.

ಮಯೂರ್ ನನ್ನ ಕಡೆ ತಿರುಗದೆ ಬ್ಯಾಟುಗಳನ್ನು ಚೀಲಕ್ಕೆ ತುಂಬಿ ಹೋದ. ನಾನಂದದ್ದನ್ನು ಹುಡುಗ ಯಾರಿಗೂ ಹೇಳಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

19 ಮೇ, ಸೋಮವಾರ

ಹೆಲೆನ್ ಮೇಲ್. ಡಿವಿಷನ್ ಹೋಯಿತು, ಕೋಚಿಂಗ್‌ನಲ್ಲಿ ದೋಷವಿಲ್ಲ, ವೈಯಕ್ತಿಕ ತಪ್ಪು. ನನ್ನನ್ನು ಮುಂದುವರಿಸುತ್ತಾರೆ. ಗುರುವಾರ ಬಂದು ಸೈನ್ ಮಾಡಬೇಕು.

ಗೆದ್ದೆ ಅನ್ನಬೇಕು. ಸುಸ್ತಾಗಿದೆ. ಶಿಫ್ಟ್‌ನಲ್ಲಿ ಎರಡು ಟ್ರೇ ಬೀಳಿಸಿದೆ.

21 ಮೇ, ಬುಧವಾರ. ಮಧ್ಯಾಹ್ನ 3.30

ಕ್ಲೋಯಿ ಸಿಕ್ಕಳು. ಅಕ್ಸ್‌ಬ್ರಿಡ್ಜ್ ಸ್ಟೇಷನ್ ಎದುರಿನ ಕಾಫಿ ಅಂಗಡಿಯಲ್ಲಿ ಪಾರ್ಟ್‌ಟೈಮ್ ಮಾಡುತ್ತಾಳೆ. ಗೊತ್ತಿದ್ದೇ ಹೋದೆ. ಸುಳ್ಳೇಕೆ.

ಬ್ರೇಕ್ ತೆಗೆದುಕೊಂಡು ಎದುರು ಕೂತಳು. ನಾನು ಹವಾಮಾನ, ಪರೀಕ್ಷೆ ಅಂತ ಏನೇನೋ ಮಾತಾಡಿದೆ. ಕೊನೆಗೆ ಅವಳೇ ಕೇಳಿದಳು. ಇಂಗ್ಲಿಷಿನಲ್ಲಿ ಅವಳಂದದ್ದನ್ನು ಮರೆಯಬಾರದು ಅಂತ ಇಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ.

"ಚೆಂಡು ಫೆನ್ಸ್ ಹತ್ತಿರ ಇತ್ತು ಕೋಚ್. ನನಗೆ ಕಾಣಿಸ್ತಿತ್ತು. ನಡಕೊಂಡು ಹೋದರೂ ಹೋಮ್ ಮುಟ್ಟುತ್ತಿದ್ದೆ. ಆದರೆ ನೀವು ಬಾ ಅಂದಿರಿ. ನನಗೆ ಕಾಣದ್ದು ನಿಮಗೆ ಏನೋ ಕಂಡಿರಬೇಕು ಅಂತ ತಿರುಗಿದೆ."

ಲೋಟ ತಿರುಗಿಸುತ್ತಾ ಕೂತಿದ್ದಳು.

"ಮೂರು ವಾರದಿಂದ ಯೋಚನೆ ಮಾಡ್ತಿದ್ದೇನೆ. ಏನು ಕಂಡಿತ್ತು ಕೋಚ್?"

ಏನೂ ಕಂಡಿರಲಿಲ್ಲ ಮಗಳೇ. ಹೇಳಿದೆ. ಹೋಗಿ ಬಾ ಅಂದರೇನು, ಬರೀ ಹೋಗು ಅಂತ ಯಾಕೆ ಅನ್ನುವುದಿಲ್ಲ, ಎಲ್ಲ ಹೇಳಿದೆ. ಫಾರ್ಮ್‌ನಲ್ಲಿ ಅವಳ ಹೆಸರು ಬರೆದದ್ದನ್ನೂ ಹೇಳಿದೆ. ಅದನ್ನು ಕೇಳಿದ್ದೇ ಎದ್ದಳು. ಏಪ್ರನ್ ಕಟ್ಟಿಕೊಂಡು ಕೌಂಟರ್ ಹಿಂದೆ ಹೋದಳು.

22 ಮೇ, ಗುರುವಾರ. ಬೆಳಿಗ್ಗೆ 11.20

ಶಿಫ್ಟ್‌ಗೆ ರಜೆ ಹಾಕಿ ಬಂದೆ. ಹೆಲೆನ್ ಪೆನ್ ಮುಂದಿಟ್ಟರು, ಕಂಗ್ರಾಟ್ಸ್ ಅಂದರು. ಸೈನ್ ಮಾಡುವ ಮುಂಚೆ ಹಳೇ ಫಾರ್ಮ್ ಒಮ್ಮೆ ಕೊಡಿ, ತಿದ್ದಬೇಕು ಅಂದೆ.

ಈಗ ತಿದ್ದಿದರೆ ರಿವ್ಯೂ ಮತ್ತೆ ಮೊದಲಿನಿಂದ ಆಗುತ್ತದೆ, ಫಲಿತಾಂಶ ಹೀಗೇ ಇರುತ್ತದೆ ಅಂತ ಹೇಳಲಾರೆ ಅಂದರು. ಗೊತ್ತು ಅಂದೆ. ಪ್ರಿಂಟ್ ತರಲು ಹೋಗಿದ್ದಾರೆ, ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ತಿದ್ದಬೇಕಾದ್ದು ಒಂದೇ ಕಾಲಮ್ — ಅವಳ ಹೆಸರು ಹೊಡೆದುಹಾಕಿ, ಅಲ್ಲಿ ನನ್ನದು... ಹೆಲೆನ್ ಬಂದರು.