ನಾಲ್ಕನೇ ಗೇಟಿನ ಬೀಗದ ಕೈ ಯಾರ ಬಳಿ ಇತ್ತು?

ಕ್ರೀಡಾಂಗಣ ಭದ್ರತಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಎದೆ ಹಿಡಿದುಕೊಂಡು ಕುಸಿದು ಬಿದ್ದು, ಹತ್ತಾರು ಜನರ ಕೈಮೇಲೆ ಹೊರಗೆ ಬಂದ ಮನುಷ್ಯನಿಗೆ ನೀವು ಎಚ್ಚರಿಕೆ ಪತ್ರ ಕಳಿಸಿದ್ದೀರಿ. 'ನಿಗದಿತ ಅವಧಿಗೆ ಮುನ್ನ ಗ್ಯಾಲರಿ ತೊರೆದಿರುವುದು ನಿಯಮೋಲ್ಲಂಘನೆಯಾಗಿರುತ್ತದೆ' ಎಂದು ಅದರಲ್ಲಿದೆ. ಪತ್ರ ಬಂದಿರುವುದು ಅವನ ಊರಿನ ವಿಳಾಸಕ್ಕಲ್ಲ, ಆಸ್ಪತ್ರೆಯ ದಾಖಲೆಯಲ್ಲಿ ಬರೆಸಿದ್ದ ನಮ್ಮ ಮನೆಯ ವಿಳಾಸಕ್ಕೆ. ಅಂದರೆ ಅವನು ಆಸ್ಪತ್ರೆಯಲ್ಲಿದ್ದಾನೆಂದು ನಿಮ್ಮ ಕಚೇರಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಬರೆದ ಆ ಗುಮಾಸ್ತರ ಕರ್ತವ್ಯನಿಷ್ಠೆಗೆ ನನ್ನ ನಮಸ್ಕಾರ.

ಆ ಪತ್ರವನ್ನು ಸಹಿ ಹಾಕಿ ತೆಗೆದುಕೊಂಡವಳು ಅವನ ಅಕ್ಕ, ಅಂದರೆ ನನ್ನ ಹೆಂಡತಿ. ಬಾಗಿಲಲ್ಲೇ ನಿಂತು ಎರಡು ಸಲ ಓದಿದಳು. ಆಮೇಲೆ ನನ್ನ ಕೈಗೆ ಕೊಟ್ಟು, "ಹೊತ್ತಿಗೆ ಮುಂಚೆ ಎದ್ದು ಹೋದನಂತೆ ರೀ. ಎದ್ದು ಹೋಗೋಕೆ ಅವನ ಕೈಲಿ ಆಗಿದ್ರೆ ನೀವ್ಯಾಕೆ ಗೇಟು ಬಿಚ್ತಿದ್ರಿ?" ಅಂದಳು. ಇದಕ್ಕೆ ಉತ್ತರ ನಿಮ್ಮ ಬಳಿ ಇದ್ದರೆ ತಿಳಿಸಬೇಕು.

ಅದೇ ಅಂಚೆಯಲ್ಲಿ ನನಗೂ ಒಂದು ನೋಟೀಸು ಬಂದಿದೆ. ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ್ದಕ್ಕೆ ಮೂರು ವರ್ಷ ಕ್ರೀಡಾಂಗಣಕ್ಕೆ ಪ್ರವೇಶವಿಲ್ಲ. 'ಕಹಳೆ' ಎಂದು ಈ ಊರೆಲ್ಲ ಕರೆಯುವ ನೀರಿನ ಟ್ಯಾಂಕರ್ ಡ್ರೈವರನಿಗೆ ಜೀವಮಾನವಿಡೀ ಇಲ್ಲ. ನಿಮ್ಮ ವರದಿಯ ಪ್ರಕಾರ 'ನೀಲಿ ತಂಡದ ಅಭಿಮಾನಿಗಳು ದ್ವೇಷದಿಂದ ಹಳದಿ ಗ್ಯಾಲರಿಗೆ ನುಗ್ಗಿ, ಒಬ್ಬ ವ್ಯಕ್ತಿಯನ್ನು ಎಳೆದೊಯ್ದರು.' ಪತ್ರಿಕೆಯಲ್ಲಿ ಫೋಟೋ ಕೂಡ ಬಂತು. ನೀಲಿ ಅಂಗಿ ತೊಟ್ಟು, ಹಣೆಯಿಂದ ರಕ್ತ ಸುರಿಸುತ್ತ, ಹಳದಿ ಅಂಗಿಯವನೊಬ್ಬನ ಕಂಕುಳಿಗೆ ಕೈ ಹಾಕಿರುವ ದೈತ್ಯ ಕಹಳೆಯೇ. ಕಾಲು ಹಿಡಿದಿರುವ, ಬೆನ್ನು ಮಾತ್ರ ಕಾಣುವ ವ್ಯಕ್ತಿ ನಾನು. ಎಳೆದೊಯ್ಯುವುದಕ್ಕೂ ಎತ್ತಿಕೊಂಡು ಹೋಗುವುದಕ್ಕೂ ಇರುವ ವ್ಯತ್ಯಾಸ ಫೋಟೋದಲ್ಲಿ ಕಾಣುವುದಿಲ್ಲ, ನಿಜ. ಆದರೆ ಕೇಳಿದ್ದರೆ ಹೇಳುತ್ತಿದ್ದೆವು. ಯಾರಾದರೂ ಕೇಳಿದಿರಾ?

ನಾನು ಲಿಫ್ಟ್ ರಿಪೇರಿ ಮಾಡುವವನು. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಹುಟ್ಟಿದ್ದು ಈ ಊರಿನಲ್ಲಿ, ಆದ್ದರಿಂದ ನೀಲಿ. ಹೆಂಡತಿ ರೈಲಿನಲ್ಲಿ ಒಂದೂವರೆ ಗಂಟೆ ದೂರದ ಆ ಊರಿನವಳು, ಆದ್ದರಿಂದ ಹಳದಿ. ನಮ್ಮ ಮದುವೆಯ ದಿನವೇ ಎರಡೂ ಊರಿನ ಫುಟ್‌ಬಾಲ್ ಪಂದ್ಯವಿತ್ತು. ಮಾವನವರು ಬಂದವರನ್ನು ಮಾತಾಡಿಸುತ್ತಲೇ ಜೇಬಿನ ರೇಡಿಯೋಗೆ ಕಿವಿ ಕೊಟ್ಟಿದ್ದರು. ಹಳದಿಯವರು ಸೋತಾಗ ಅವರ ಕಣ್ಣಲ್ಲಿ ಬಂದ ನೀರನ್ನು ನೋಡಿ, ಮಗಳು ಮನೆ ಬಿಟ್ಟು ಹೋಗುವ ಸಂಕಟವೆಂದು ಎಲ್ಲರೂ ಸಮಾಧಾನ ಮಾಡಿದರು. ಪಂದ್ಯ ಸೋತ ಮೇಲೆ ನಾನು ಹೆಂಡತಿಯೊಂದಿಗೆ ಎರಡು ದಿನ ಮಾತು ಬಿಟ್ಟಿದ್ದುಂಟು. ಅವಳು ಒಂದು ವಾರ ಬಿಟ್ಟಿದ್ದುಂಟು. ನಮ್ಮದು ಸಂತರ ಮನೆ ಎಂದು ನಾನು ಹೇಳುತ್ತಿಲ್ಲ.

ಅವಳ ತಮ್ಮ ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ, ಇವನು ಮೇಜಿನ ಮುಂದೆ ಕೂತು ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಾನೆ. ತಾಳ್ಮೆಯ ಕೆಲಸ. ಆ ತಾಳ್ಮೆಯೆಲ್ಲ ಪಂದ್ಯದ ದಿನ ಎಲ್ಲಿ ಹೋಗುತ್ತಿತ್ತೋ ಕಾಣೆ. ಇಲ್ಲಿ ಪಂದ್ಯವಿದ್ದರೆ ಬೆಳಗಿನ ರೈಲಿಗೆ ಬರುತ್ತಿದ್ದ, ನಮ್ಮಲ್ಲಿ ಊಟ ಮಾಡುತ್ತಿದ್ದ, ಆಮೇಲೆ ಇಬ್ಬರೂ ನಡೆದುಕೊಂಡೇ ಕ್ರೀಡಾಂಗಣಕ್ಕೆ. ಪೂರ್ವದ ಗ್ಯಾಲರಿಯಲ್ಲಿ ಹತ್ತೊಂಬತ್ತು ವರ್ಷ ಅಕ್ಕಪಕ್ಕ ಕೂತಿದ್ದೇವೆ. ನಾನು ಈ ಕಡೆಗೆ ಕೂಗುವುದು, ಅವನು ಆ ಕಡೆಗೆ. "ಭಾವಾ, ನಿಮ್ಮ ಗೋಲ್‌ಕೀಪರನ್ನ ನಮ್ಮ ಅಂಗಡಿಗೆ ಕಳಿಸಿ. ಅವನ ಎರಡೂ ಕೈಗೆ ಒಂದೊಂದು ಸೆಟ್ಟು ಹಲ್ಲು ಹಾಕಿಕೊಡ್ತೀನಿ, ಆಗಲಾದ್ರೂ ಬಾಲನ್ನ ಕಚ್ಚಿ ಹಿಡೀತಾನೆ" ಅನ್ನುತ್ತಿದ್ದ. ಸುತ್ತ ಕೂತ ನೀಲಿಯವರೇ ನಗುತ್ತಿದ್ದರು. ಬೈಯುವವರೂ ಇದ್ದರು, ಅದನ್ನು ಮುಚ್ಚಿಡುವುದಿಲ್ಲ. ಒಮ್ಮೆ ಯಾರೋ ಅವನ ಟೋಪಿ ಕಿತ್ತು ಮೈದಾನಕ್ಕೆ ಎಸೆದರು. ಅವನು ಬರಿತಲೆಯಲ್ಲಿ ಕೂತು ಕೂಗಿದ.

ಮೂರು ವರ್ಷದ ಹಿಂದೆ ಒಂದು ಗಲಾಟೆಯಾಯಿತು. ನಾಲ್ಕೈದು ಜನ ಕುರ್ಚಿ ಮುರಿದರು. ಅವರನ್ನು ಹಿಡಿಯುವುದು ಕಷ್ಟದ ಕೆಲಸ, ಬೇಲಿ ಹಾಕುವುದು ಸುಲಭದ ಕೆಲಸ. ನೀವು ಬೇಲಿ ಹಾಕಿದಿರಿ. ಗುರುತಿನ ಚೀಟಿಯಲ್ಲಿ ಯಾವ ಊರಿದೆಯೋ ಆ ಬಣ್ಣದ ಗ್ಯಾಲರಿಯಲ್ಲೇ ಕೂರಬೇಕು. ಆಟ ಮುಗಿದ ಮೇಲೆ ಪರ ಊರಿನವರ ಗ್ಯಾಲರಿಗೆ ನಲವತ್ತು ನಿಮಿಷ ಬೀಗ. ಅಷ್ಟರಲ್ಲಿ ಸ್ಥಳೀಯರು ಚದುರುತ್ತಾರೆ, ಘರ್ಷಣೆ ತಪ್ಪುತ್ತದೆ ಎಂಬ ಲೆಕ್ಕಾಚಾರ. ಆದರೆ ನಲವತ್ತು ನಿಮಿಷ ಎದುರಾಳಿಗಳು ಕಂಬಿಯ ಹಿಂದೆ ಸಿಕ್ಕಿಬಿದ್ದಿದ್ದಾರೆಂದು ಗೊತ್ತಾದರೆ ಸ್ಥಳೀಯರು ಮನೆಗೆ ಹೋಗುತ್ತಾರೆಯೇ? ಬಂದು ಮುಂದೆ ನಿಂತು ಅಣಕಿಸುತ್ತಾರೆ. ಅದರ ಮುಂದಾಳು ಕಹಳೆ. ಹಿತ್ತಾಳೆಯ ಕಹಳೆಯೊಂದನ್ನು ಕೊರಳಿಗೆ ಹಾಕಿಕೊಂಡು ನಾಲ್ಕನೇ ಗೇಟಿನ ಮುಂದೆ ನಿಂತು, ಇಲ್ಲಿ ಬರೆಯಲಾಗದಂಥ ಹಾಡು ಹೇಳಿಸುತ್ತಿದ್ದ. ನನಗೆ ಆ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ. ಈಗಲೂ ಅವನ ಬಾಯಿ ನನಗೆ ಸೇರುವುದಿಲ್ಲ.

ಆ ದಿನ ಆಟ ಮುಗಿದದ್ದು ಸಂಜೆ ಐದು ಹತ್ತಕ್ಕೆ. ಒಂದೊಂದು ಗೋಲು, ಸಮ; ಹಳದಿಯವರದು ಪೆನಾಲ್ಟಿಯಲ್ಲಿ ಬಂದದ್ದು. ನಾನು ನೀಲಿ ಗ್ಯಾಲರಿಯಿಂದ ಹೊರಗೆ ಬಂದು ಎಂದಿನಂತೆ ಕಾಯುತ್ತಿದ್ದೆ. ಐದು ಹದಿನಾರಕ್ಕೆ ಬಾಮೈದನ ಫೋನು ಬಂತು. ಸಮಯ ನನ್ನ ಫೋನಿನಲ್ಲಿದೆ, ಬೇಕಾದರೆ ನೋಡಿಕೊಳ್ಳಿ.

"ಭಾವಾ, ಎಡಗೈ ಎತ್ತೋಕೆ ಆಗ್ತಿಲ್ಲ. ಎದೆ ಮೇಲೆ ಯಾರೋ ಕೂತ ಹಾಗಿದೆ."

"ಎಲ್ಲಿದೀಯೋ?"

"ಗೇಟ್ ಹತ್ರಾನೇ ಇದೀನಿ. ಬೀಗ ಹಾಕಿದೆ. ಅಕ್ಕಂಗೆ ಹೇಳಬೇಡಿ."

ನಾಲ್ಕನೇ ಗೇಟಿಗೆ ಓಡಿದೆ. ಕಂಬಿಯ ಆಚೆ ಅವನು ನೆಲದ ಮೇಲೆ ಕೂತಿದ್ದ, ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಯಾರೋ ಬೀಸಣಿಗೆಯ ಹಾಗೆ ಧ್ವಜ ಬೀಸುತ್ತಿದ್ದರು. ಬಾಗಿಲಲ್ಲಿ ಗುತ್ತಿಗೆಯ ಕಾವಲುಗಾರನೊಬ್ಬ. ಪರಿಸ್ಥಿತಿ ಅವನಿಗೆ ನನಗಿಂತ ಮೊದಲೇ ಅರ್ಥವಾಗಿತ್ತು.

"ಸರ್, ನನ್ನ ಹತ್ರ ಬೀಗದ ಕೈ ಇಲ್ಲ. ಇದ್ದಿದ್ರೆ ಇಷ್ಟು ಹೊತ್ತಿಗೆ ತೆಗೆದಿರ್ತಿದ್ದೆ. ಸೂಪರ್‌ವೈಸರ್ ಹತ್ರ ಇದೆ."

"ಅವರೆಲ್ಲಿ?"

"ಒಂದನೇ ಗೇಟಲ್ಲಿ. ಮೂರು ಸಲ ಫೋನ್ ಮಾಡ್ದೆ. ಆಫೀಸಿಂದ ಆರ್ಡರ್ ಬರಬೇಕಂತೆ. ಆಫೀಸ್ ಫೋನು ಎಂಗೇಜ್ ಬರ್ತಿದೆಯಂತೆ."

ಆಂಬುಲೆನ್ಸ್ ಕೂಡ ಒಂದನೇ ಗೇಟಿನಲ್ಲೇ ಇತ್ತು. ಜನ ಚದುರುವವರೆಗೆ ಅಲ್ಲಿಂದ ಕದಲಬಾರದೆಂದು ನಿಮ್ಮದೇ ಆದೇಶ. ನನ್ನ ಪಕ್ಕದಲ್ಲೇ ಕಹಳೆಯ ಗುಂಪು ಹಾಡುತ್ತಿತ್ತು. ಒಳಗಿನವರು ಸಹಾಯಕ್ಕೆ ಕಿರುಚುತ್ತಿದ್ದುದನ್ನು ಅವರು ಬೈಗುಳವೆಂದುಕೊಂಡು ಇನ್ನೂ ಜೋರು ಮಾಡಿದರು.

ನನ್ನ ಸ್ಕೂಟರಿನಲ್ಲಿ ಸ್ಪ್ಯಾನರಿನ ಚೀಲವಿತ್ತು. ರಜಾದಿನವಾದರೂ ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಕೊಂಡರೆ ಕರೆ ಬರುತ್ತದೆ, ಆದ್ದರಿಂದ ಅದು ಸದಾ ಗಾಡಿಯಲ್ಲೇ ಇರುತ್ತದೆ. ಓಡಿಹೋಗಿ ಅದನ್ನು ತಂದೆ. ಬೀಗ ಒಡೆಯುವುದು ನನ್ನಿಂದಾಗುವ ಕೆಲಸವಲ್ಲ. ಆದರೆ ನಿಮ್ಮ ಗೇಟಿನ ಕೀಲುಗಳು ಹೊರಗಡೆಗಿದ್ದವು, ಮೂರು ಕೀಲು, ಒಂದೊಂದಕ್ಕೆ ನಾಲ್ಕು ಬೋಲ್ಟು. ಕೆಳಗಿನ ನಾಲ್ಕು ಬಿಚ್ಚುವ ಹೊತ್ತಿಗೇ ತಿಳಿಯಿತು: ಮೇಲಿನವು ಸಡಿಲವಾದರೆ ಹತ್ತಡಿಯ ಆ ಕಬ್ಬಿಣವೆಲ್ಲ ಒಳಗಿನವರ ಮೇಲೆ ಬೀಳುತ್ತದೆ. ಹಿಡಿಯಲು ಜನ ಬೇಕು. ಇದ್ದ ಜನ ಇವರೇ.

ಹೋಗಿ ಕಹಳೆಯ ತೋಳು ಹಿಡಿದು ಅಲ್ಲಾಡಿಸಿದೆ. "ಹಾಡು ನಿಲ್ಸಪ್ಪಾ. ಒಳಗೆ ನಮ್ಮ ಮನೆಯವನು ಸಾಯ್ತಿದ್ದಾನೆ."

"ನಿಮ್ಮ ಮನೆಯವನಾ? ಯಾರು?"

"ನನ್ನ ಹೆಂಡ್ತಿ ತಮ್ಮ."

"ಹಳದೀನಾ?"

"ಹಳದಿ."

ಕಂಬಿಯತ್ತ ತಿರುಗಿ ನೋಡಿದ. ಬಹುಶಃ ಅವತ್ತೇ ಮೊದಲ ಸಲ ಆ ಕಡೆ ಸರಿಯಾಗಿ ನೋಡಿದನೆಂದು ಕಾಣುತ್ತದೆ. ಕೊರಳಿನ ಕಹಳೆ ತೆಗೆದು ನೆಲದ ಮೇಲಿಟ್ಟ. "ಅದನ್ನ ಆಮೇಲೆ ನೋಡ್ಕೊಳ್ಳೋಣ. ಗೇಟು ಎಲ್ಲಿ ಹಿಡೀಬೇಕು ಹೇಳಿ" ಅಂದ. ಹಿಂದಕ್ಕೆ ತಿರುಗಿ ಗುಡುಗಿದ, "ಏಯ್, ಬಾಯಿ ಮುಚ್ಕೊಂಡು ಬಂದು ಹೆಗಲು ಕೊಡ್ರೋ!"

ಹದಿನೈದಿಪ್ಪತ್ತು ಜನ ಬಂದರು. ಕಹಳೆಯ ಹೆಗಲೇರಿ ನಿಂತು ನಾನು ಮೇಲಿನ ಕೀಲು ಬಿಚ್ಚಿದೆ. ಒಂದು ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಎಷ್ಟು ಸಾವಿರ ಬೋಲ್ಟು ಬಿಚ್ಚಿದ್ದೇನೋ, ಅಂಥದ್ದು ಇನ್ನೊಂದಿಲ್ಲ. ಸ್ಪ್ಯಾನರಿಗೆ ಸುತ್ತಿಗೆಯೇಟು ಹಾಕಿ ಹಾಕಿ ಕೊನೆಗೆ ಅದನ್ನೂ ಬಿಚ್ಚಿದೆ. ಆ ಹೊತ್ತಿನಲ್ಲಿ ಕಾವಲುಗಾರನ ಮುಖ ಯಾವ ಕಡೆಗಿತ್ತು ಎಂದು ನಾನು ಗಮನಿಸಲಿಲ್ಲ. ನಿಮ್ಮ ವಿಚಾರಣೆಯಲ್ಲಿ ಕೇಳಿದರೂ ಗಮನಿಸಲಿಲ್ಲವೆಂದೇ ಹೇಳುತ್ತೇನೆ.

ಐದು ನಲವತ್ತೊಂದಕ್ಕೆ ಗೇಟು ಕಳಚಿ ಬಂತು. ನೀಲಿ ಅಂಗಿಗಳು ಒಳಗೆ ಬಂದದ್ದನ್ನು ಕಂಡು ಹಿಂದಿನ ಸಾಲಿನವರು ಹೊಡೆಯಲು ಬಂದರೆಂದೇ ಭಾವಿಸಿದರು. ಬಾಟಲಿಯೊಂದು ಹಾರಿ ಬಂದು ಕಹಳೆಯ ಹಣೆ ಒಡೆಯಿತು. ಅವನು ಎಸೆದವನನ್ನು ಹುಡುಕಲಿಲ್ಲ. ಬಗ್ಗಿ ನನ್ನ ಬಾಮೈದನ ಕಂಕುಳಿಗೆ ಕೈ ಹಾಕಿ, "ಏಳಪ್ಪಾ, ಪ್ರಾಣ ಬಿಡಬೇಡ, ನಮ್ಮೂರಲ್ಲಿ ಬಂದು ಸತ್ತು ನಮಗೆ ಕೆಟ್ಟ ಹೆಸರು ತರಬೇಡ" ಅಂದ. ಆ ಮಾತು ಕೇಳಿಯೇ ಮುಂದಿನವರಿಗೆ ಅರ್ಥವಾಯಿತು. ಆಮೇಲೆ ಯಾರ ಕೈ ಯಾವ ಬಣ್ಣದ ತೋಳಿನದೆಂದು ನಾನು ನೋಡಲಿಲ್ಲ. ಜಾಹೀರಾತಿನ ಹಲಗೆಯೊಂದನ್ನು ಕಿತ್ತು ಅದರ ಮೇಲೆ ಮಲಗಿಸಿ ಒಂದನೇ ಗೇಟಿನವರೆಗೆ ಓಡಿದೆವು. ಆ ಹಲಗೆಯ ಬಗ್ಗೆ ನಿಮ್ಮ ವರದಿಯಲ್ಲಿಲ್ಲ. ಅದನ್ನೂ ಸೇರಿಸಿಕೊಳ್ಳಿ.

ಅವನು ಬದುಕಿದ. ಆದರೆ ಹೃದಯದ ಒಂದು ಭಾಗ ಇನ್ನು ಕೆಲಸ ಮಾಡುವುದಿಲ್ಲ. ಅರ್ಧ ಗಂಟೆ ಮೊದಲು ಕರೆತಂದಿದ್ದರೆ ಎಂದು ಡಾಕ್ಟರು ಶುರುಮಾಡಿದ ಮಾತನ್ನು ನನ್ನ ಹೆಂಡತಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಇನ್ನು ಮೆಟ್ಟಿಲು ಹತ್ತುವ ಹಾಗಿಲ್ಲ. ಬೆಳಿಗ್ಗೆ ಎರಡು ಗಂಟೆ ಮೇಜಿನ ಮುಂದೆ ಕೂತರೆ ಮಧ್ಯಾಹ್ನವೆಲ್ಲ ಮಲಗಬೇಕು. ಮೊನ್ನೆ ಒಂದು ಸೆಟ್ಟಿನಲ್ಲಿ ಹಲ್ಲು ಓರೆಯಾಗಿ ಕೂತಿತಂತೆ. ಹೇಳಿ ಮುಖ ಆಚೆ ತಿರುಗಿಸಿಕೊಂಡ. ಅವನು ಆಸ್ಪತ್ರೆ ಸೇರಿದ ಮೂರನೇ ದಿನ ಕಹಳೆ ತಲೆಗೆ ಪಟ್ಟಿ ಕಟ್ಟಿಕೊಂಡೇ ಆಸ್ಪತ್ರೆಗೆ ಬಂದಿದ್ದ. ಹಾಸಿಗೆಯ ಪಕ್ಕ ಹತ್ತು ನಿಮಿಷ ಕೂತ. ಕೊನೆಗೆ ಎದ್ದು ನಿಂತು, "ಆ ಪೆನಾಲ್ಟಿ ಮಾತ್ರ ಪೆನಾಲ್ಟಿ ಅಲ್ಲ" ಅಂದ. "ಅಲ್ಲದೆ ಮತ್ತೇನು, ಕಣ್ಣು ಪರೀಕ್ಷೆ ಮಾಡಿಸ್ಕೋ" ಅಂದ ನನ್ನ ಬಾಮೈದ, ಆಮ್ಲಜನಕದ ನಳಿಗೆಯ ಹಿಂದಿನಿಂದ.

ಮಾನ್ಯರೇ, ನಮ್ಮ ಎರಡು ಊರುಗಳ ನಡುವೆ ಪ್ರೀತಿ ಹರಿಯುತ್ತಿದೆ ಎಂದು ನಾನು ವಾದಿಸುತ್ತಿಲ್ಲ. ಅವರು ಸೋತರೆ ನನಗೆ ಈಗಲೂ ಖುಷಿಯಾಗುತ್ತದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಆದರೆ ನಾವು ಬಾಯಲ್ಲಿ ಕೂಗಿದ್ದನ್ನು ನೀವು ಕಬ್ಬಿಣದಲ್ಲಿ ಕಟ್ಟಿಸಿದ್ದೀರಿ. ಕೂಗು ಆಟ ಮುಗಿದ ಮೇಲೆ ಗಂಟಲು ನೋವಾಗಿ ಮನೆಗೆ ಹೋಗುತ್ತದೆ. ಕಬ್ಬಿಣ ಅಲ್ಲೇ ನಿಂತಿರುತ್ತದೆ. ಹತ್ತೊಂಬತ್ತು ವರ್ಷ ಅವನು ನನ್ನ ಪಕ್ಕದಲ್ಲಿ ಕೂತಿದ್ದಾಗ ನೋವು ಬಂದಿದ್ದರೆ ನನ್ನ ತೋಳಿಗೆ ಒರಗುತ್ತಿದ್ದ. ನಿಮ್ಮ ಭದ್ರತೆ ಬಂದ ಮೇಲೆ ಫೋನು ಮಾಡಬೇಕಾಯಿತು. ಇದನ್ನೆಲ್ಲ ಜಗಳದ ದನಿಯಲ್ಲಿ ಬರೆಯುವ ತ್ರಾಣ ನನಗಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಸಿಟ್ಟು ಕೂಡ ಸವೆದಿದೆ.

ನನ್ನ ಮೂರು ವರ್ಷದ ನಿಷೇಧ ಹಾಗೇ ಇರಲಿ. ಗೇಟು ಬಿಚ್ಚಿದ್ದು ನಾನೇ. ಸ್ಕೂಟರಿಗೆಂದು ವಾಪಸು ಬಂದಾಗ ಹನ್ನೆರಡೂ ಬೋಲ್ಟುಗಳನ್ನು ಎಣಿಸಿ ಕಾವಲುಗಾರನ ಕೈಗೆ ಕೊಟ್ಟೇ ಆಂಬುಲೆನ್ಸಿನ ಹಿಂದೆ ಹೋದೆ. ಕಹಳೆಯ ನಿಷೇಧವನ್ನು ತೆಗೆಯಿರಿ. ಅವನ ಹಾಡಿಗೆ ಶಿಕ್ಷೆ ಕೊಡುವುದಿದ್ದರೆ ಹಾಡಿಗೆಂದೇ ಕೊಡಿ, ನಾನು ಅಡ್ಡ ಬರುವುದಿಲ್ಲ. ಹೆಗಲು ಕೊಟ್ಟದ್ದಕ್ಕೆ ಕೊಡಬೇಡಿ. ನನ್ನ ಬಾಮೈದನಿಗೆ ಕಳಿಸಿದ ಎಚ್ಚರಿಕೆ ಪತ್ರವನ್ನು ಹಿಂದಕ್ಕೆ ಪಡೆಯಿರಿ. ವರದಿಯಲ್ಲಿ 'ಎಳೆದೊಯ್ದರು' ಎಂಬುದನ್ನು ಹೊಡೆದುಹಾಕಿ 'ಹೊತ್ತೊಯ್ದರು' ಎಂದು ಬರೆಯಿರಿ. ಪ್ರತಿ ಗೇಟಿನ ಬೀಗದ ಕೈ ಆ ಗೇಟಿನಲ್ಲಿ ನಿಂತವನ ಸೊಂಟದಲ್ಲಿರಲಿ. ಆ ಸಂಜೆ ಐದು ಹದಿನಾರರಿಂದ ಐದು ನಲವತ್ತೊಂದರವರೆಗೆ ನಿಮ್ಮ ಕಚೇರಿಯ ಫೋನಿನಲ್ಲಿ ಯಾರು, ಯಾರೊಂದಿಗೆ, ಏನು ಮಾತಾಡುತ್ತಿದ್ದರು ಎಂಬುದನ್ನು ನಮ್ಮೆದುರು ಹೇಳಿ.

ವಿಚಾರಣೆ ಬರುವ ಗುರುವಾರ ಹನ್ನೊಂದಕ್ಕೆ ಎಂದು ನೋಟೀಸಿನಲ್ಲಿದೆ. ನಾವು ಮೂವರೂ ಬರುತ್ತೇವೆ. ನನ್ನ ಹೆಂಡತಿಯೂ ಬರುತ್ತಾಳೆ, ಅವಳನ್ನು ಕರೆಯದಿದ್ದರೂ. ಆದರೆ ನಿಮ್ಮ ಕೋಣೆ ಮೂರನೇ ಮಹಡಿಯಲ್ಲಿದೆ, ಆ ಹಳೆಯ ಕಟ್ಟಡಕ್ಕೆ ಮೆಟ್ಟಿಲು ಬಿಟ್ಟರೆ ಬೇರೆ ದಾರಿಯಿಲ್ಲ. ನನ್ನ ಬಾಮೈದನಿಗೆ ಅಷ್ಟು ಹತ್ತಲಾಗುವುದಿಲ್ಲ. ದಯವಿಟ್ಟು ನೀವೇ ಕೆಳಗಿಳಿದು ಬನ್ನಿ.

ಇಂತಿ,
ಗೇಟು ಬಿಚ್ಚಿದ್ದನ್ನು ಒಪ್ಪಿಕೊಂಡಿರುವ, ಇನ್ನೂ ಬೇಗ ಬಿಚ್ಚಬೇಕಿತ್ತೆಂದು ಕೊರಗುತ್ತಿರುವ
ಒಬ್ಬ ಲಿಫ್ಟ್ ರಿಪೇರಿಯವನು