ಗುರುವ ಭಾವನ ನೀರಿನ ಲಾರಿ

ಅಲ್ ಖುವೈರ್, ಮಸ್ಕತ್
ಶುಕ್ರವಾರ, ೧೦ ನವೆಂಬರ್ ೧೯೮೯

ಪ್ರೀತಿಯ ವಸಂತಿ ಅಕ್ಕನಿಗೆ ನಿನ್ನ ತಮ್ಮ ಸೇಸಪ್ಪನ ನಮಸ್ಕಾರಗಳು.

ಸೊಂಟನೋವು ಹೇಗಿದೆ? ಕೂತಲ್ಲೇ ಕೂತು ಬೀಡಿ ಕಟ್ಟಬೇಡ, ನಡುನಡುವೆ ಎದ್ದು ಓಡಾಡು ಎಂದು ಡಾಕ್ಟರು ಹೇಳಿದ್ದನ್ನು ನೀನು ಕೇಳಿರಲಾರೆ, ನನಗೆ ಗೊತ್ತು. ಅಮ್ಮನ ಕೆಮ್ಮು ಕಡಿಮೆಯಾಯಿತೇ? ಕುಸುಮ ಬೆಳಗ್ಗೆ ಗಂಜಿ ಉಣ್ಣದೆ ಕಾಲೇಜಿನ ಬಸ್ಸಿಗೆ ಓಡುತ್ತಾಳೆ ಎಂದು ನೀನು ಬರೆದಿದ್ದೆ. ಅವಳಿಗೆ ಮಾವ ಬೈದಿದ್ದಾನೆಂದು ಹೇಳು. ನಾನು ಸೌಖ್ಯ. ಇಲ್ಲಿ ಸೆಕೆ ಇಳಿದು ಈಗ ಕಿಟಕಿ ತೆರೆದು ಮಲಗುವ ಹಾಗಾಗಿದೆ. ರಾಷ್ಟ್ರೀಯ ದಿನ ಹತ್ತಿರ ಬಂತೆಂದು ಹೆದ್ದಾರಿಯ ಉದ್ದಕ್ಕೂ ಬಣ್ಣದ ದೀಪ ಕಟ್ಟಿದ್ದಾರೆ. ಅಕ್ಕಾ, ಇನ್ನು ಮುಂದಿನದನ್ನು ಕೂತುಕೊಂಡು ಓದು. ಕೆಟ್ಟ ಸುದ್ದಿಯಲ್ಲ. ಗುರುವ ಭಾವನ ಸುದ್ದಿ.

ಭಾವ ತೀರಿಕೊಂಡು ಹದಿನೈದು ವರ್ಷವಾಯಿತು. ಸಲಾಲದ ಕಡೆ ಲಾರಿ ಅಪಘಾತ ಎಂಬ ಒಂದು ಸಾಲಿನ ತಂತಿ ಬಿಟ್ಟರೆ ನಮಗೆ ಬೇರೇನೂ ಬರಲಿಲ್ಲ. ಆ ಒಂದು ಸಾಲಿಗೆ ಊರಿನವರು ಎಷ್ಟೆಲ್ಲ ಸೇರಿಸಿದರು ಎಂಬುದು ನನಗಿಂತ ನಿನಗೆ ಗೊತ್ತು. ಗಲ್ಫಿನ ದುಡ್ಡು ತಲೆಗೇರಿತು, ಕುಡಿದು ಲಾರಿ ಬಿಟ್ಟ, ತಾನೂ ಸತ್ತ, ಕೂತವರನ್ನೂ ಕೊಂದ ಎಂದರು. ಬೀಡಿ ಬ್ರಾಂಚಿನಲ್ಲಿ ನಿನ್ನ ಎದುರೇ ಅಂದರಂತೆ. ನೀನು ಎಲೆ ಕತ್ತರಿಸುವ ಕತ್ತರಿ ಕೆಳಗಿಡದೆ ಕೆಲಸ ಮುಗಿಸಿ ಮನೆಗೆ ಬಂದೆ ಎಂದು ಅಮ್ಮ ಒಮ್ಮೆ ಹೇಳಿದ್ದರು. ಭಾವ ಇಲ್ಲಿಗೆ ಹೊರಟ ಮೇಲೆ ಹುಟ್ಟಿದ ಕುಸುಮ ಅಪ್ಪನ ಮುಖ ನೋಡಿದವಳಲ್ಲ. ಆ ಮಾತುಗಳನ್ನು ಕೇಳುತ್ತಲೇ ಬೆಳೆದಳು.

ಕಳೆದ ತಿಂಗಳು ನಮ್ಮ ಕಂಪೆನಿಯ ಗಾಡಿಗೆ ಟಯರ್ ಹಾಕಿಸಲು ಅಲ್ ಮಬೇಲಾಕ್ಕೆ ಹೋಗಿದ್ದೆ. ಅಲ್ಲಿ ಟಯರಿನ ಅಂಗಡಿ ಇಟ್ಟಿರುವವರು ಬಂಟ್ವಾಳದ ಮೂಸಬ್ಬ. ಮಾತಿಗೆ ಮಾತು ಬಂದು ನಮ್ಮ ಭಾವ ಈ ದೇಶದಲ್ಲೇ, ಸಲಾಲದಲ್ಲಿ ತೀರಿಹೋದದ್ದು ಎಂದೆ. ಅವರು ಜಾಕ್ ಅಲ್ಲಿಯೇ ಬಿಟ್ಟು ಎದ್ದರು. "ನಿಮ್ಮ ಭಾವನ ಹೆಸರು ಗುರುವ ಅಂತವಾ? ರುಸ್ತಾಕಿನಿಂದ ಒಬ್ಬ ಬಲೂಚಿ ಮುದುಕ ನನ್ನ ಹತ್ರ ಬರ್ತಾರೆ ಮಾರಾಯ್ರೆ. ಮಂಗಳೂರಿನವರು ಯಾರು ಸಿಕ್ಕಿದ್ರೂ ಅವರದ್ದು ಒಂದೇ ಪ್ರಶ್ನೆ. ಗುರ್ವ ಡ್ರೈವರನ ಮನೆಯವರು ಗೊತ್ತುಂಟಾ ಅಂತ!" ಮುಂದಿನ ಶುಕ್ರವಾರ ಅವರ ಪಿಕಪ್ಪಿನಲ್ಲೇ ಇಬ್ಬರೂ ರುಸ್ತಾಕಿಗೆ ಹೋದೆವು.

ಕೋಟೆಯ ಹಿಂದಿನ ಓಣಿಯಲ್ಲಿ ಅವರದ್ದೊಂದು ಸಣ್ಣ ದಿನಸಿ ಅಂಗಡಿ. ಹೆಸರು ದಾದ್ ಕರೀಂ. ಒಂದು ಕಾಲು ಮಡಚಲಾಗದು, ಅದನ್ನು ಡಬ್ಬದ ಮೇಲೆ ನೀಡಿ ಕೂರುತ್ತಾರೆ. ನಾನು ಗುರುವನ ಹೆಂಡತಿಯ ತಮ್ಮ ಎಂದು ಹಿಂದಿಯಲ್ಲಿ ಹೇಳಿದೆ. ಅವರು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಖರ್ಜೂರದ ತಟ್ಟೆ ಮುಂದಿಟ್ಟು, ಮೊದಲು ತಿನ್ನು ಎಂದರು. ಆಮೇಲೆ ಹೇಳಿದರು. ಅವರು ಹೇಳಿದ್ದನ್ನೇ ನಿನಗೆ ಬರೆಯುತ್ತೇನೆ.

ಆಗ ಸಲಾಲದ ಹಿಂದಿನ ಬೆಟ್ಟಗಳಲ್ಲಿ ಸುಲ್ತಾನರ ಸೇನೆಗೂ ಬಂಡುಕೋರರಿಗೂ ಯುದ್ಧ ನಡೆಯುತ್ತಿತ್ತು. ಭಾವ ಸೇನೆಯ ಠಾಣೆಗಳಿಗೆ ನೀರು ಮುಟ್ಟಿಸುವ ಲಾರಿಯ ಡ್ರೈವರ್. ಅಲ್ಲಿನ ಮಳೆಗಾಲದಲ್ಲಿ ಬೆಟ್ಟ ಹಸಿರಾಗಿ ಮಂಜು ಮುಚ್ಚುತ್ತದಂತೆ, ನಮ್ಮ ಆಟಿ ತಿಂಗಳು ಇದೇ ಎಂದು ಭಾವ ಖುಷಿಪಡುತ್ತಿದ್ದರಂತೆ. ಅಂಥ ಮಂಜಿನಲ್ಲೇ ಒಂದು ಬೆಳಗ್ಗೆ ಮುಂದಿನ ಗಾಡಿಯ ಮೇಲೆ ಮೇಲಿನಿಂದ ಗುಂಡು ಬಿತ್ತು. ಅದರಲ್ಲಿದ್ದ ಸಿಪಾಯಿ ದಾದ್ ಕರೀಂ ಮತ್ತು ಇನ್ನೂ ಕೆಲವರು ಗಾಯವಾಗಿ ರಸ್ತೆಯ ಮೇಲೆ ಬಿದ್ದರು, ಅಡಗಲು ಒಂದು ಪೊದೆಯೂ ಇರಲಿಲ್ಲ. ಭಾವನ ಲಾರಿ ತಿರುವಿನ ಹಿಂದೆ ಇತ್ತು. ಹಿಂದಕ್ಕೆ ಬಿಟ್ಟುಕೊಂಡು ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಮುಂದೆ ತಂದರು. ಗುಂಡು ಬರುವ ಕಡೆಗೆ ಲಾರಿಯನ್ನು ಅಡ್ಡ ನಿಲ್ಲಿಸಿದರು. ಟ್ಯಾಂಕಿಗೆ ತೂತು ಬಿದ್ದು ನೀರು ರಸ್ತೆ ತುಂಬ ಹರಿಯಿತು. ಸತ್ತ ಸಿಪಾಯಿಯ ಬಂದೂಕು ಎತ್ತಿಕೊಂಡು ಚಕ್ರದ ಮರೆಯಿಂದ ಗುಂಡು ಹಾರಿಸುತ್ತ, ಬಿದ್ದವರನ್ನು ಕೂಗಿ ಕೂಗಿ ಕರೆದರು. ತೆವಳಲಾಗದವರನ್ನು ಎಳೆದು ತಂದು ಹತ್ತಿಸಿದರು. ದಾದ್ ಕರೀಂ ಅವರನ್ನು ಎತ್ತಿದ್ದು ಕೊನೆಗೆ. ಆಗಲೇ ಭಾವನ ಹೊಟ್ಟೆಗೆ ಗುಂಡು ತಗಲಿತ್ತಂತೆ. ಆದರೂ ಲಾರಿಯನ್ನು ಕೆಳಗಿನ ಠಾಣೆಯವರೆಗೆ ಅವರೇ ತಂದರು. ಸ್ಟೇರಿಂಗಿನಿಂದ ತಾವಾಗಿ ಇಳಿಯಲಿಲ್ಲ, ಇಳಿಸಿದಾಗ ಜೀವ ಹೋಗಿತ್ತು.

ಇಷ್ಟು ಹೇಳಿ ಮುದುಕರು ನನ್ನನ್ನು ಒಂದು ಮಾತು ಕೇಳಿದರು. "ಅವನು ನಮ್ಮನ್ನು ನೋಡಿ 'ಬಲೆ, ಬಲೆ' ಅಂತ ಕಿರುಚ್ತಿದ್ದ. ಅದು ನಿಮ್ಮ ದೇವರ ಹೆಸರಾ? ಕಷ್ಟ ಬಂದಾಗ ನಾನೂ ಅದನ್ನೇ ಹೇಳಿಕೊಳ್ತೇನೆ." ದೇವರ ಹೆಸರಲ್ಲ ಚಾಚಾ, ನಮ್ಮ ತುಳುವಿನಲ್ಲಿ 'ಬನ್ನಿ' ಅಂತ ಅರ್ಥ ಎಂದೆ. ಅವರು ನನ್ನಿಂದ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಮೂಸಬ್ಬ ಹೊರಗೆ ಹೋಗಿ ಪಿಕಪ್ಪಿನ ಹತ್ತಿರ ನಿಂತು ಕಣ್ಣೊರೆಸಿಕೊಂಡರು.

ದಾದ್ ಕರೀಂ ಹುಟ್ಟಿದ್ದು ಸಮುದ್ರದ ಆಚೆ ಮಕರಾನಿನಲ್ಲಿ. ಹೊರಗೆ ಹುಟ್ಟಿದವನೆಂದು ಅವರಿಗೂ ಇಷ್ಟು ವರ್ಷ ಮಾಜಿ ಸೈನಿಕರ ಪಿಂಚಣಿ ಕೊಟ್ಟಿರಲಿಲ್ಲ. ಹಾಗೆ ಬಿಟ್ಟುಹೋದವರನ್ನೆಲ್ಲ ಈ ವರ್ಷ ಸರಕಾರದವರು ಕರೆದು ಕೇಳುತ್ತಿದ್ದಾರೆ. ಮೊನ್ನೆ ಬುಧವಾರ ಅವರ ಸರದಿ. ಇಲ್ಲಿಯೇ ಅಲ್ ಖುವೈರಿನ ಪಿಂಚಣಿ ಕಚೇರಿ, ನನಗೂ ಜೊತೆಗೆ ಬಾ ಎಂದಿದ್ದರು. ತಮ್ಮ ಹೆಸರು ಕೂಗಿದಾಗ ಅವರು ಒಳಗೆ ಹೋಗಿ, ನನ್ನದು ಆಮೇಲೆ, ಮೊದಲು ಗುರ್ವನದ್ದು ನೋಡಿ ಎಂದರು. ಅಧಿಕಾರಿ ಸಣ್ಣ ಪ್ರಾಯದವರು, ಒಳ್ಳೆಯವರೇ. ಆತ ಸೈನಿಕನಲ್ಲ, ಡ್ರೈವರ್, ರಸ್ತೆ ಅಪಘಾತವೆಂದು ದಾಖಲಾಗಿದೆ, ಖಲಾಸ್ ಎಂದರು. ಮುದುಕರು ಕೂತುಕೊಳ್ಳಲಿಲ್ಲ. ಆ ಮಡಚದ ಕಾಲಿನಲ್ಲಿ ನಿಂತೇ ಅರಬಿಯಲ್ಲಿ ಹೇಳಿದರು. "ನೀವು ಅವನನ್ನು ಲಾರಿಗಳ ಸಾಲಿನಲ್ಲಿ ಬರೆದಿದ್ದೀರಿ. ಮನುಷ್ಯರ ಸಾಲಿನಲ್ಲಿ ಬರೆಯಿರಿ. ಹಾಗೆ ಬರೆಯದಿದ್ದರೆ ನನ್ನ ಹೆಸರೂ ಅಳಿಸಿಬಿಡಿ, ಅವನು ಬರದಿದ್ದರೆ ನಾನೂ ಇರುತ್ತಿರಲಿಲ್ಲ." ಅಧಿಕಾರಿ ಪೆನ್ನು ಕೆಳಗಿಟ್ಟರು. ಬಾಗಿಲು ಹಾಕಿಸಿ, ಚಾ ತರಿಸಿ, ಮೊದಲಿನಿಂದ ಹೇಳಿ ಎಂದರು. ಮಧ್ಯಾಹ್ನದವರೆಗೆ ಕೇಳಿದರು. ಆ ದಿನ ಬದುಕಿ ಉಳಿದ ಇನ್ನೊಬ್ಬರು ಸಲಾಲದಲ್ಲಿದ್ದಾರೆ, ಅವರಿಗೂ ಫೋನು ಮಾಡಿ ಕೇಳಿದರು. ಅವರೂ ಅದನ್ನೇ ಹೇಳಿದರು.

ಕೊನೆಗೆ ಎದ್ದು ನನ್ನ ಕೈ ಕುಲುಕಿ, ನಿಮ್ಮ ಭಾವನ ಹೆಸರು ಇನ್ನು ಯುದ್ಧದಲ್ಲಿ ಮಡಿದವರ ಜೊತೆಗಿರುತ್ತದೆ ಎಂದರು. ನಿನಗೆ ಜೀವಮಾನದವರೆಗೆ ಪಿಂಚಣಿ ಬರುತ್ತದೆ, ಕುಸುಮಳ ಓದಿನ ಖರ್ಚೂ ಅವರದ್ದೇ. ಎಷ್ಟು ಎಂದು ನಾನು ಕೇಳಲಿಲ್ಲ, ಕೇಳಬೇಕೆಂದು ಹೊಳೆಯಲೂ ಇಲ್ಲ. ಮೆಟ್ಟಿಲಿಳಿದು ಬಂದು ಮುದುಕರೂ ನಾನೂ ಒಂದು ಹೋಟೆಲಿಗೆ ಹೋಗಿ ಹೊಟ್ಟೆ ತುಂಬ ಉಂಡೆವು. ಇಷ್ಟು ಹಗುರಾಗಿ ನಾನು ಉಂಡು ಎಷ್ಟು ಕಾಲವಾಯಿತೋ. ಅಕ್ಕಾ, ಈ ಪತ್ರವನ್ನು ನೀನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಡ. ಕುಸುಮ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಲಿ. ದಾರಿಯಲ್ಲಿ ಹೋಗುವವರು ನಿಂತು ಕೇಳಿದರೆ ಕೇಳಲಿ.

ಅಮ್ಮನ ಕಾಲಿಗೆ ನನ್ನ ನಮಸ್ಕಾರ. ಕುಸುಮಳಿಗೆ ಮಾವನ ಆಶೀರ್ವಾದ. ನಿನಗೆ ಇವತ್ತು ಒಂದು ರಾತ್ರಿಯಾದರೂ ಚೆನ್ನಾಗಿ ನಿದ್ದೆ ಬರಲಿ.

ನಿನ್ನ ತಮ್ಮ,
ಸೇಸಪ್ಪ

ತಾ.ಕ.: ಊರಿಗೆ ಹೊರಟ ನಮ್ಮ ನೆರೆಮನೆಯ ಐಡಾ ಬಾಯಿಯವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವರ ಕಾರು ಕೆಳಗೆ ಹಾರ್ನ್ ಹೊಡೆಯುತ್ತಿದೆ. ಮುಖ್ಯವಾದದ್ದನ್ನೇ ಬಿಟ್ಟೆ. ಭಾವನನ್ನು ಸುಟ್ಟ ಜಾಗ ದಾದ್ ಕರೀಂ ಅವರಿಗೆ ಗೊತ್ತಿದೆ. ಅವರ ಜೊತೆಗಿದ್ದ ಸಿಪಾಯಿಗಳೇ ಸೌದೆ ಒಟ್ಟಿ, ಆಮೇಲೆ ಕಲ್ಲು ಪೇರಿಸಿ ಗುರುತು ಮಾಡಿದ್ದಾರಂತೆ, ಇವರು ವರ್ಷಕ್ಕೊಮ್ಮೆ ಹೋಗಿ ನೀರು ಹೊಯ್ದು ಬರುತ್ತಾರೆ. ನಾವು ಊರಿನಲ್ಲಿ ಬೊಜ್ಜದ ಉತ್ತರಕ್ರಿಯೆ ಮಾಡಿದಾಗ ನಮ್ಮ ಕೈಯಲ್ಲಿ ಭಾವನ ಒಂದು ಹಿಡಿ ಬೂದಿಯೂ ಇರಲಿಲ್ಲವಲ್ಲ. ನಿನ್ನನ್ನೂ ಕುಸುಮಳನ್ನೂ ಅಲ್ಲಿಗೆ ಕರೆತರಲು ಆ ಕಚೇರಿಯವರೇ ವೀಸಾ ಕೊಡುತ್ತಾರೆ. ಇಬ್ಬರೂ ನಾಳೆಯೇ ಪೇಟೆಗೆ ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿ. ಅಕ್ಕ ಬರುತ್ತಾಳೆ ಎಂದು ನಾನು ಮುದುಕರಿಗೆ ಮಾತು ಕೊಟ್ಟಾಗಿದೆ.