ಒಡೆದ ಹಾಸುಗಲ್ಲಿನ ಹೆಜ್ಜೆ

ಮನೆ, ಹಿಂದಿನ ಕೋಣೆ
ಗುರುವಾರ, ಮಧ್ಯಾಹ್ನ ಮೂರು ಗಂಟೆ

ನನ್ನ ಮುದ್ದು ಪುಟ್ಟಿ,

ಹೇಗಿದ್ದೀಯ? ಹಿಮ್ಮಡಿ ನೋವು ಕಡಿಮೆಯಾಯಿತೇ? ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂತಿರು ಅಂದರೆ ನೀನು ಕೇಳುವವಳಲ್ಲ. ನಾನು ಗಟ್ಟಿಯಾಗಿದ್ದೇನೆ, ಮಂಡಿಗಳು ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿವೆ. ನಿನ್ನ ಅಪ್ಪ ಆಫೀಸಿಗೆ ಹೋಗಿದ್ದಾನೆ, ಅಮ್ಮ ಮಲಗಿದ್ದಾಳೆ. ಬರೆಯಲು ಇದೇ ಸರಿಯಾದ ಹೊತ್ತು.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಪ್ರದರ್ಶನದ ಕರಪತ್ರ ಅಚ್ಚಿಗೆ ಹೋಗಬೇಕು, ಈ ಮುಜ್ರಾ ಕಲಿಸಿದ ಅಜ್ಜಿ ಯಾರೆಂದು ಹಾಕಿಸಲಿ ಎಂದು ಕೇಳಿದ್ದೀಯ. ನಿನ್ನ ಅಪ್ಪ ಅದನ್ನು ಓದಿ, "ಸಂಗೀತದ ಟೀಚರ್ ಅಂತ ಹಾಕ್ಲಿ ಬಿಡಮ್ಮ" ಅಂದ. ಅವನು ಶಾಲೆಗೆ ಸೇರಿದ ದಿನದಿಂದಲೂ ಕೇಳಿದವರಿಗೆಲ್ಲ ನಾನು ಸಂಗೀತದ ಟೀಚರ್. ಯಾರಿಗೂ ಒಂದು ಸ್ವರ ಹೇಳಿಕೊಟ್ಟವಳಲ್ಲ, ಆ ಮಾತು ಬೇರೆ. ಅವನ ಭಯ ನನಗೆ ಅರ್ಥವಾಗುತ್ತದೆ. ಆದರೂ ಈ ಸಲ ನೋವಾಯಿತು.

ನೀನು ಕಳಿಸಿದ ತಾಲೀಮಿನ ವಿಡಿಯೋವನ್ನು ದಿನಾ ಊಟವಾದ ಮೇಲೆ ನೋಡುತ್ತೇನೆ. ಹನ್ನೆರಡು ಹುಡುಗಿಯರು, ಪ್ಯಾಂಟು ತೊಟ್ಟು, ನೀಲಿ ಬೆಳಕಿನಲ್ಲಿ. ನಮ್ಮ ಕಾಲದಲ್ಲಿ ಮುಜ್ರಾ ಎಂದರೆ, ದುಡ್ಡು ಕೊಟ್ಟು ಬಂದ ಗಂಡಸರ ಮುಂದೆ ಒಬ್ಬಳೇ ಕೂತು, ಹಾಡಿನ ಒಂದೇ ಸಾಲನ್ನು ಅರ್ಧ ಗಂಟೆ ಕಣ್ಣಲ್ಲಿ, ಬೆರಳಲ್ಲಿ ಆಡಿಸಿ, ಕೊನೆಗೆ ಎದ್ದು ನಾಲ್ಕು ಸುತ್ತು ಹಾಕಿದರೆ ಮುಗಿಯಿತು. ಬೈಯಬೇಕೆಂದೇ ಕನ್ನಡಕ ಹಾಕಿಕೊಂಡು ಕೂತಿದ್ದೆ. ಅಷ್ಟರಲ್ಲಿ ಇಲ್ಲದ ಮುಸುಕನ್ನು ನೀನು ಎರಡು ಬೆರಳಲ್ಲಿ ಸರಿಸಿದೆ ನೋಡು, ಈ ಕೋಣೆಯ ಗೋಡೆಗಳು ಎಲ್ಲಿಗೋ ಹೋಗಿಬಿಟ್ಟವು. ಆ ಮಹಡಿಯ ಹಜಾರ, ಬಣ್ಣದ ಗಾಜಿನಿಂದ ನೆಲದ ಮೇಲೆ ಬಿದ್ದ ಕೆಂಪು, ಹಸಿರು ಚೌಕಗಳು, ತಬಲಾದವನಿಗೆ ಕಣ್ಣಲ್ಲೇ ಲಯ ಹೇಳುತ್ತಿದ್ದ ನನ್ನ ಅಮ್ಮ. ಹೊದಿಕೆಯೊಳಗೆ ಕಾಲು ತಾನಾಗಿಯೇ ತಾಳ ಹಾಕುತ್ತಿತ್ತು. ಎಚ್ಚರವೋ ನಿದ್ದೆಯೋ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನ್ನಿಸಲಿಲ್ಲ.

ಒಂದು ವಿಷಯ ಹೇಳುತ್ತೇನೆ, ನಗಬೇಡ. ಎರಡನೇ ಸುತ್ತಿನಲ್ಲಿ ಎಡಕ್ಕೊಂದು ಪುಟ್ಟ ಜಿಗಿತವಿದೆಯಲ್ಲ, ಹನ್ನೆರಡು ಜನವೂ ಒಟ್ಟಿಗೆ ಹಾಕುತ್ತೀರಿ, ತಾಲೀಮು ನೋಡಿದ ಪತ್ರಿಕೆಯವರು ಅದನ್ನು ಪ್ರೇಮದ ಹಿಂಜರಿಕೆ ಎಂದು ಹೊಗಳಿದ್ದಾರಂತೆ. ಅದು ನೃತ್ಯವೇ ಅಲ್ಲ ಕಂದ. ಹಜಾರದಲ್ಲಿ ಅಲ್ಲೊಂದು ಹಾಸುಗಲ್ಲು ಒಡೆದಿತ್ತು. ಕಾಲಿಗೆ ಚುಚ್ಚದಿರಲೆಂದು ಅಮ್ಮ ದಾಟುತ್ತಿದ್ದಳು, ಅವಳನ್ನು ನೋಡಿ ನಾನು ದಾಟಿದೆ, ನನ್ನನ್ನು ನೋಡಿ ನೀನು. ಕಲಿಸುವಾಗಲೇ ನನಗೆ ಗೊತ್ತಿತ್ತು, ತಿದ್ದಲಿಲ್ಲ. ಆ ಮನೆಯಿಂದ ಇನ್ನೇನೂ ಉಳಿದಿರಲಿಲ್ಲ. ಇನ್ನು ತಿದ್ದುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಹೊತ್ತು ಹೊತ್ತಿಗೆ ಉಣ್ಣು. ನನ್ನ ಆಶೀರ್ವಾದವನ್ನು ಉಳಿದ ಹನ್ನೊಂದು ಜನಕ್ಕೂ ಹಂಚು, ಜಗಳವಾಡದೆ ತೆಗೆದುಕೊಳ್ಳಲಿ.

ನಿನ್ನ
ಅಜ್ಜಿ

ಲಕೋಟೆ ಅಂಟಿಸುವ ಮುನ್ನ: ಟೀಚರ್ ಎಂದು ಹಾಕಿಸಬೇಡ. ಮುಜ್ರಾ ಕುಣಿದು ಮಗನನ್ನು ಓದಿಸಿದವಳು ಎಂದು ಹಾಕಿಸು, ನನ್ನ ಹೆಸರು ಪೂರ್ತಿ ಇರಲಿ. ಬೆಳಿಗ್ಗೆ ನಿನ್ನ ಅಪ್ಪನಿಗೂ ಹೇಳಿದೆ. ಅವನು ಶೂ ಹಾಕಿಕೊಂಡ. ಬಾಗಿಲವರೆಗೆ ಹೋದವನು, ತಿರುಗಿ ನೋಡದೆ, "ನಂಗೂ ಒಂದು ಸೀಟು ಇಡೋಕೆ ಹೇಳಮ್ಮ" ಅಂದ. ಅವನು ನನ್ನ ಕುಣಿತ ಒಮ್ಮೆಯೂ ನೋಡಿದವನಲ್ಲ. ನಮ್ಮಿಬ್ಬರಿಗೂ ಪಕ್ಕಪಕ್ಕದಲ್ಲೇ ಇಡು.